"ನೀಲಿ ಹೋಯ್ತಣ್ಣ": ಮನೆಯಲ್ಲಿ ಕಟ್ಟಿದ ಲೇಸರ್ ಪ್ರೊಜೆಕ್ಟರಿನಲ್ಲಿ ನೀಲಿಯ ದೋಷ ಹುಡುಕುವ ಬಗೆ

ಗಣೇಶನ ಹಬ್ಬ ಹತ್ತಿರ ಬಂದರೆ ನನ್ನ ಫೋನು ಎರಡೇ ದೂರಿಗೆ ಹೊಡೆದುಕೊಳ್ಳುತ್ತದೆ. ಆಂಪ್ಲಿಫೈಯರಿನಲ್ಲಿ ಗುಂಯ್ ಅಂತ ಸದ್ದು ಬರುತ್ತಿದೆ ಅನ್ನುವುದು ಒಂದು. ಅದು ಅಪ್ಪನ ಕಾಲದಿಂದ ಇದ್ದದ್ದು. ಇನ್ನೊಂದು ಈಚಿನದು: "ಅಣ್ಣಾ, ನೀಲಿ ಹೋಯ್ತು." ಹಾಸನದಲ್ಲಿ ನನ್ನದು ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವ ಸಣ್ಣ ಅಂಗಡಿ. ಲೇಸರ್ ಕಸುಬಲ್ಲ, ಹುಚ್ಚು. ಆ ಹುಚ್ಚು ಹತ್ತಿದ ನಾಲ್ಕಾರು ಹುಡುಗರು ಹಾಸನ, ಅರಸೀಕೆರೆ, ಚಿಕ್ಕಮಗಳೂರಿನ ಕಡೆ ಇದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತರಿಸಿ, ಅಲ್ಯೂಮಿನಿಯಂ ಡಬ್ಬಿಯೊಳಗೆ ಕೆಂಪು, ಹಸಿರು, ನೀಲಿ ಮೂರು ಡಯೋಡ್ ಕೂರಿಸಿ, ಕರೆಂಟಿನಿಂದ ಸರಸರ ಅಲುಗುವ ಎರಡು ಪುಟ್ಟ ಕನ್ನಡಿಯಿಂದ (ಇವೇ ಗ್ಯಾಲ್ವೋ) ಗೋಡೆಯ ಮೇಲೆ ಚಿತ್ತಾರ ಬರೆಸುತ್ತಾರೆ.

"ನೀಲಿ ಹೋಯ್ತು" ಅನ್ನುವ ಮಾತಿನಲ್ಲಿ ಕಡಿಮೆಯೆಂದರೂ ಆರು ಬೇರೆ ಬೇರೆ ಕಾಯಿಲೆಗಳಿವೆ. ಅದರಲ್ಲೊಂದು ಕಾಯಿಲೆಯೇ ಅಲ್ಲ. ಡಯೋಡ್ ಸತ್ತಿದೆ ಅಂತ ಹೊಸದು ತರಿಸಿ ಹಾಕಿ, ಅದೂ ಹಾಗೇ ಕಂಡಾಗ ಅಂಗಡಿಯವನನ್ನು ಬೈಯುವವರೇ ಹೆಚ್ಚು. ಹಾಗಾಗಿ ನಾನು ಯಾವ ಕ್ರಮದಲ್ಲಿ ಹುಡುಕುತ್ತೇನೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಡಬ್ಬಿ ಬಿಚ್ಚುವ ಮೊದಲು

500 ಮಿಲಿವ್ಯಾಟ್ ದಾಟಿದ ಲೇಸರ್ ನಾಲ್ಕನೇ ದರ್ಜೆಯದು, ಅಂದರೆ ಅಪಾಯದಲ್ಲಿ ಎಲ್ಲಕ್ಕಿಂತ ಮೇಲಿನದು. ಮನೆಯಲ್ಲಿ ಕಟ್ಟಿದ ಪ್ರೊಜೆಕ್ಟರಿನ ನೀಲಿ ಸಾಮಾನ್ಯವಾಗಿ ಒಂದು ವ್ಯಾಟ್‌ನ ಮೇಲೇ ಇರುತ್ತದೆ. ಕಣ್ಣು ಮಿಟುಕುವುದಕ್ಕೆ ಕಾಲು ಸೆಕೆಂಡ್ ಬೇಕು. ಈ ಶಕ್ತಿಯ ಮುಂದೆ ಅಷ್ಟು ಹೊತ್ತು ಬಹಳ ದೊಡ್ಡದು. ಮೇಲಾಗಿ ಅಕ್ಷಿಪಟಲಕ್ಕೆ ರಾಸಾಯನಿಕ ಹಾನಿ ಮಾಡುವುದರಲ್ಲಿ 440 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿಯೇ ಮುಂದು, ಆದರೆ ಕಣ್ಣಿಗೆ ಅದು ಅಷ್ಟು ಪ್ರಖರ ಅನ್ನಿಸುವುದಿಲ್ಲ. ಮಂಕಾಗಿ ಕಾಣುತ್ತದೆ ಅಂತ ಬಗ್ಗಿ ನೋಡುವುದೇ ಅಪಾಯ.

ಕಿತ್ತಳೆ ಗಾಜಿನ ಲೇಸರ್ ಕನ್ನಡಕ ನೀಲಿ, ಹಸಿರು ಎರಡನ್ನೂ ತಡೆಯುತ್ತದೆ, ಕೆಂಪನ್ನು ಹಾಗೇ ಬಿಟ್ಟುಬಿಡುತ್ತದೆ. ಆದ್ದರಿಂದ ನೀಲಿಯ ಕೆಲಸ ಮಾಡುವಾಗ ಕೆಂಪಿನ ಡ್ರೈವರಿನ (ಡಯೋಡಿಗೆ ಹದವಾಗಿ ಕರೆಂಟ್ ಕೊಡುವ ಸರ್ಕ್ಯೂಟು) ವೈರ್ ಕಿತ್ತಿಡಿ. ಉಂಗುರ, ವಾಚು ಬಿಚ್ಚಿಡಿ. ಕಿರಣವನ್ನು ಒಣ ಇಟ್ಟಿಗೆ ಚೂರಿಗೆ ಬಿಡಿ, ಸ್ಟೀಲ್ ಬೀರುವಿನ ಕಡೆಗಲ್ಲ. ಕನ್ನಡಕ ಹಾಕಿದರೆ ಚುಕ್ಕೆಯೇ ಕಾಣದು ಅನ್ನುವವರಿಗೆ ಒಂದು ಉಪಾಯ: ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮಿಂಚುವ ಕಿತ್ತಳೆ ಸ್ಟಿಕ್ಕರ್ ಕಾಗದದ ಮೇಲೆ ನೀಲಿ ಬಿದ್ದರೆ ಕಿತ್ತಳೆಯಾಗಿ ಹೊಳೆಯುತ್ತದೆ, ಆ ಹೊಳಪು ಕನ್ನಡಕ ದಾಟಿ ಬರುತ್ತದೆ. ಶಕ್ತಿಯನ್ನು ಆದಷ್ಟು ತಗ್ಗಿಸಿಯೇ ಇದನ್ನು ಮಾಡಿ, ಕಾಗದ ಸುಟ್ಟೀತು.

ಬಿಳಿ ಹೇಗಿದೆ?

ಫೋನಿನಲ್ಲೇ ನಾನು ಕೇಳುವ ಮೊದಲ ಪ್ರಶ್ನೆ ನೀಲಿಯ ಬಗ್ಗೆ ಅಲ್ಲ. "ಮೂರೂ ಒಟ್ಟಿಗೆ ಹಾಕಿ ಬಿಳಿ ವೃತ್ತ ಬರೆಸು. ಯಾವ ಬಣ್ಣ ಕಾಣುತ್ತೆ ಹೇಳು" ಅನ್ನುತ್ತೇನೆ. ಬಿಳಿ ಬಿಳಿಯಾಗೇ ಇದ್ದು, ನೀಲಿ ಒಂಟಿಯಾಗಿ ಬಂದಾಗ ಮಾತ್ರ ಮಂಕು ಅಂದರೆ ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಬಿಳಿ ಹಳದಿಗೆ ತಿರುಗಿದ್ದರೆ ನೀಲಿಯ ವ್ಯಾಟ್ ಎಲ್ಲೋ ಸೋರುತ್ತಿದೆ. ಬಿಳಿ ಗುಲಾಬಿ ಬಣ್ಣಕ್ಕೋ ಕಿತ್ತಳೆಗೋ ತಿರುಗಿದ್ದರೆ ನೀಲಿಯನ್ನು ಬಿಟ್ಟು ಕೆಂಪಿನ ಮೇಲೆ ಕಣ್ಣಿಡಿ. ಅದರ ಕಥೆ ಮುಂದಿದೆ.

ಇದು ಯಾಕೆ ಹೀಗೆ ಅನ್ನುವುದರಲ್ಲೇ ತರಂಗಾಂತರ ಆರಿಸುವ ಗುಟ್ಟೂ ಇದೆ. ಬಿಳಿ ಕೂಡಿಸುವ ಲೆಕ್ಕ ಬೇರೆ, ಕಣ್ಣಿಗೆ ಬೆಳಕು ಅನ್ನಿಸುವ ಲೆಕ್ಕ ಬೇರೆ.

ಮೊದಲು ಬೆಳಕು. ಕಣ್ಣಿಗೆ ಅನ್ನಿಸುವ ಬೆಳಕಿನ ಅಳತೆಗೆ ಲ್ಯೂಮೆನ್ ಅನ್ನುತ್ತಾರೆ; ಒಂದು ವ್ಯಾಟ್ ಶಕ್ತಿ ಎಷ್ಟು ಲ್ಯೂಮೆನ್ ಆಗುತ್ತದೆ ನೋಡಿ. 520 ನ್ಯಾನೋಮೀಟರಿನ ಹಸಿರು ಸುಮಾರು 485. 638ರ ಕೆಂಪು ಸುಮಾರು 130. 465ರ ನೀಲಿ 50. 445ರ ನೀಲಿ 20. 405 ಅರ್ಧ ಲ್ಯೂಮೆನ್ ಕೂಡ ಇಲ್ಲ. 445, 465 ಎರಡೂ "ನೀಲಿ"ಯೇ ಆದರೂ ಬರಿಯ 20 ನ್ಯಾನೋಮೀಟರ್ ಮೇಲೆ ಹತ್ತಿದರೆ ಬೆಳಕು ಎರಡೂವರೆ ಪಟ್ಟು. ಹೊಗೆಯಲ್ಲಿ ನೀಲಿ ಕಿರಣ ಒಂಟಿಯಾಗಿ ಹಾದು ಹೋದಾಗ ಪ್ರೇಕ್ಷಕರು ನೋಡುವುದು ಈ ಲೆಕ್ಕವನ್ನು.

ಇನ್ನು ಬಿಳಿ. 1 ವ್ಯಾಟ್ ಹಸಿರಿಗೆ ಸರಿಯಾದ ಹಗಲಿನ ಬಿಳಿ ಬರಬೇಕಾದರೆ 638ರ ಕೆಂಪು ಸುಮಾರು 1.4 ವ್ಯಾಟ್ ಬೇಕು, 445ರ ನೀಲಿ ಬರೀ 0.57 ವ್ಯಾಟ್ ಸಾಕು. ಅದೇ ಜಾಗದಲ್ಲಿ 465 ಹಾಕಿದರೆ ನೀಲಿ 0.7 ವ್ಯಾಟ್‌ಗೆ ಏರುತ್ತದೆ, ಕೆಂಪೂ 1.6ರ ಹತ್ತಿರ ಬೇಕಾಗುತ್ತದೆ. ಕಣ್ಣು ನೀಲಿಯನ್ನು ಗುರುತಿಸುವ ಶಕ್ತಿ 445-450ರಲ್ಲಿ ಅತಿ ಚುರುಕು. ಬಣ್ಣ ತುಂಬುವುದಕ್ಕೆ ಅದು ಸಾಂಬಾರಿನ ಇಂಗಿನ ಹಾಗೆ, ಚಿಟಿಕೆ ಸಾಕು. ಬೆಳಕು ಕೊಡು ಅಂದರೆ ಕೊಡುವುದಿಲ್ಲ.

ಹೀಗಾಗಿ 445ರ ಯಂತ್ರದಲ್ಲಿ ಬಿಳಿ ಅಚ್ಚುಕಟ್ಟಾಗಿ ಹೊಂದಿಸಿದ ಮೇಲೂ ನೀಲಿ ಒಂದೇ ಬಂದಾಗ ಸಪ್ಪೆ. 0.57 ವ್ಯಾಟ್ ಗುಣಿಸು 20, ಬರೀ ಹನ್ನೊಂದು ಹನ್ನೆರಡು ಲ್ಯೂಮೆನ್. ಪಕ್ಕದಲ್ಲಿ ಹಸಿರು 485 ಹೊಡೆಯುತ್ತಿರುತ್ತದೆ. ಇದನ್ನು ರಿಪೇರಿ ಅಂತ ತಂದವರನ್ನು ನಾನು ಟೀ ಕುಡಿಸಿ ಕಳಿಸಿದ್ದೇನೆ. ಅವರಿಗೆ ಬೇಕಾದದ್ದು ರಿಪೇರಿ ಅಲ್ಲ, ಬೇರೆ ತರಂಗಾಂತರ, ಇಲ್ಲವೇ ಇನ್ನೂ ಹೆಚ್ಚು ವ್ಯಾಟಿನ 445.

ಪಂಚೆಯ ಮೇಲೆ ಇದೆ, ಹೊಗೆಯಲ್ಲಿ ಇಲ್ಲ

ಅರಸೀಕೆರೆ ಕಡೆಯ ಹುಡುಗನೊಬ್ಬ ತನ್ನ ಯಂತ್ರ ಹೊತ್ತು ಬಂದ. ಹಳೆಯ 445 ಡಯೋಡ್ ಸುಟ್ಟುಹೋಗಿತ್ತು, ಆನ್‌ಲೈನಿನಲ್ಲಿ "ಬ್ಲೂ ವಯಲೆಟ್" ಅಂತ ಅಗ್ಗಕ್ಕೆ ಸಿಕ್ಕಿದ್ದನ್ನು ಹಾಕಿದ್ದ. ಅವನ ದೂರು ಸ್ಮೋಕ್ ಮೆಷಿನ್ ಮೇಲೆ.

"ಹೊಗೆ ಸರಿಯಿಲ್ಲ ಅಣ್ಣ. ಗೋಡೆ ಮೇಲೆ, ಬಟ್ಟೆ ಮೇಲೆ ಚೆನ್ನಾಗೇ ಬೀಳುತ್ತೆ. ಗಾಳಿಯಲ್ಲಿ ಮಾತ್ರ ಕಿರಣ ಕಾಣಲ್ಲ."

"ಯಾವ ಬಟ್ಟೆ ಮೇಲೆ ನೋಡಿದೆಯೋ?"

"ಅಪ್ಪನ ಪಂಚೆ ಕಟ್ಟಿದ್ದೆ, ಸ್ಕ್ರೀನ್ ಥರ."

ಅಲ್ಲೇ ಸಿಕ್ಕಿಬಿತ್ತು. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳಿ ಹೊಳೆಯಲೆಂದು ಒಂದು ರಾಸಾಯನಿಕ ಹಾಕಿರುತ್ತಾರೆ. ಅದು ನೇರಳಾತೀತ ಮತ್ತು ಅದರ ಅಂಚಿನ ನೇರಳೆ ಬೆಳಕನ್ನು ನುಂಗಿ ತಿಳಿನೀಲಿ ಬೆಳಕನ್ನು ಉಗುಳುತ್ತದೆ. ಬಿಳಿ ಕಾಗದದಲ್ಲೂ ಅದೇ ಇದೆ. ಅವನು ಹಾಕಿದ್ದು 405ರ ಡಯೋಡ್; ಅದರ ಕಿರಣ ಒಗೆದ ಪಂಚೆಯ ಮೇಲೆ ಬಿದ್ದರೆ ಹೊಳೆಯುವುದು ಪಂಚೆ, ಲೇಸರ್ ಅಲ್ಲ. ಗಾಳಿಯ ಹೊಗೆಗೆ ಸೋಪು ಹಾಕಿ ಒಗೆದವರಿಲ್ಲವಲ್ಲ, ಹಾಗಾಗಿ ಅಲ್ಲಿ ಅರ್ಧ ಲ್ಯೂಮೆನ್ನಿನ ಸತ್ಯ ಬಯಲಾಗುತ್ತದೆ.

ಪರೀಕ್ಷೆ ಸುಲಭ. ಒಂದೇ ಚುಕ್ಕೆಯನ್ನು ಬಿಳಿ ಪಂಚೆಯ ಮೇಲೆ, ಆಮೇಲೆ ಬಣ್ಣ ಹಚ್ಚದ ಸಿಮೆಂಟ್ ಗೋಡೆಯ ಮೇಲೆ ಬಿಡಿ. ಪಂಚೆಯ ಮೇಲೆ ಬಿಳಿನೀಲಿ, ಸಿಮೆಂಟಿನ ಮೇಲೆ ಕಪ್ಪು ನೇರಳೆ ಆದರೆ ಅದು 405. 445 ಎರಡರ ಮೇಲೂ ಹೆಚ್ಚುಕಮ್ಮಿ ಒಂದೇ ನೀಲಿ. ಇನ್ನೊಂದು ಮಾತು: ಬಿಳಿಯನ್ನು ಹೊಂದಿಸುವಾಗಲೂ ಪಂಚೆ, ಎ4 ಕಾಗದ ಬೇಡ. ಸುಣ್ಣದ ಗೋಡೆ ವಾಸಿ.

405ರಲ್ಲಿ ಬಿಳಿ ಕೂಡಿಸಲು ಹೋದರೆ 445ಕ್ಕಿಂತ ಹದಿನಾರು ಪಟ್ಟು ವ್ಯಾಟ್ ಬೇಕು, ಸುಮಾರು 9 ವ್ಯಾಟ್. ಬ್ಲೂ-ರೇ ಅನ್ನುವ ಹೆಸರು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ಆ ಡಿಸ್ಕ್ ಓದುವುದು ಇದೇ 405ರ ನೇರಳೆಯಲ್ಲಿ. ನಿಜವಾದ ನೀಲಿ ಹವ್ಯಾಸಿಗಳ ಕೈಗೆ ಸುಲಭವಾಗಿ ಬಂದದ್ದು 2010ರ ಹೊತ್ತಿಗೆ, ಕ್ಯಾಸಿಯೋ ಕಂಪನಿಯ ಲೇಸರ್ ಪ್ರೊಜೆಕ್ಟರುಗಳನ್ನು ಬಿಚ್ಚಲು ಶುರು ಮಾಡಿದ ಮೇಲೆ. ಒಂದೊಂದರೊಳಗೆ ಸುಮಾರು ಒಂದೊಂದು ವ್ಯಾಟಿನ 24 ಡಯೋಡ್ ಇರುತ್ತಿದ್ದವು, 445ರವು. ನಮ್ಮ ಹುಡುಗರ ಬಾಯಲ್ಲಿ ನೀಲಿ ಅಂದರೆ ಇವತ್ತಿಗೂ ಅದೇ ನಂಬರ್.

ಸಿ.ಡಿ.ಯಿಂದ ತರಂಗಾಂತರ ಅಳೆಯುವುದು

ಡಯೋಡಿನ ಜೊತೆ ಬಂದ ಚೀಟಿ ನಂಬಬೇಡಿ, ಅಳೆಯಿರಿ. ಹಳೆಯ ಖಾಲಿ ಸಿ.ಡಿ. ತಗೊಂಡು, ಮೇಲಿನ ಬೆಳ್ಳಿ ಪದರಕ್ಕೆ ಬ್ಲೇಡಿನಲ್ಲಿ ಗೀರು ಹಾಕಿ, ಅಗಲದ ಟೇಪ್ ಅಂಟಿಸಿ ಎಳೆಯಿರಿ. ಪದರ ಕಿತ್ತು ಬಂದು ಪಾರದರ್ಶಕ ಪ್ಲಾಸ್ಟಿಕ್ ಉಳಿಯುತ್ತದೆ. ಸಿ.ಡಿ.ಯ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಗೋಡೆಯಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಆ ಪ್ಲಾಸ್ಟಿಕ್ಕನ್ನು ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಡಯೋಡನ್ನು ಹೊಸ್ತಿಲ ಕರೆಂಟಿನಿಂದ ಒಂದಿಷ್ಟೇ ಮೇಲಿಟ್ಟು ಕಿರಣ ನೇರವಾಗಿ ಹಾಯಿಸಿ. ಹೊಸ್ತಿಲು ಅಂದರೆ ಡಯೋಡ್ ಬರಿಯ ಮಿಣುಕಿನಿಂದ ಲೇಸರಿಗೆ ದಾಟುವ ಕರೆಂಟು. ನಡುವಿನ ಚುಕ್ಕೆಯ ಅಕ್ಕಪಕ್ಕ ಒಂದೊಂದು ಚುಕ್ಕೆ ಬೀಳುತ್ತದೆ. ನಡುಚುಕ್ಕೆಯಿಂದ ಪಕ್ಕದ ಚುಕ್ಕೆಗೆ 26.2 ಸೆಂಟಿಮೀಟರ್ ಬಂದರೆ 405. 29 ಬಂದರೆ 445. 29.3 ಬಂದರೆ 450. 30.4 ಬಂದರೆ 465. ಎಡಬಲ ಎರಡನ್ನೂ ಅಳೆದು ಸರಾಸರಿ ಹಿಡಿದರೆ ಪ್ಲಾಸ್ಟಿಕ್ ಸ್ವಲ್ಪ ಓರೆಯಿದ್ದರೂ ಅಷ್ಟಾಗಿ ಕೆಡದು. ನಿಮ್ಮ ಅಳತೆಯ ಮೇಲೇ ಅನುಮಾನ ಇದ್ದರೆ ಮೊದಲು ಹಸಿರನ್ನು ಹಾಯಿಸಿ ನೋಡಿ: 520 ಆದರೆ 34.4 ಬರಬೇಕು.

ಪೂರ್ತಿ ಕರೆಂಟಿನಲ್ಲಿ ಬಿಸಿಯಾದಾಗ ನೀಲಿ ಡಯೋಡಿನ ತರಂಗಾಂತರ ಎರಡು ಮೂರು ನ್ಯಾನೋಮೀಟರ್ ಮೇಲೆ ಹೋಗಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಡಿಗ್ರಿಗೆ 0.05ರ ಆಸುಪಾಸು ಅಷ್ಟೆ.

ಬಿಳಿ ಹಳದಿಯಾದರೆ

ಇದು ನಿಜವಾದ ದೋಷ. ಇಲ್ಲಿ ನಾನು ಹಿಂದಿನಿಂದ ಮುಂದೆ ಬರುವುದಿಲ್ಲ, ಮಧ್ಯದಿಂದ ಶುರು ಮಾಡುತ್ತೇನೆ: ಸಿಗ್ನಲ್ ಅದಲುಬದಲು. ಕಂಪ್ಯೂಟರಿನ ಕಡೆಯಿಂದ ಪ್ರೊಜೆಕ್ಟರಿಗೆ ಸಿಗ್ನಲ್ ತರುವ ಇಲ್ಡಾ ಕೇಬಲಿನ 25 ಪಿನ್ನಿನಲ್ಲಿ 6 ಹಸಿರು, 7 ನೀಲಿ. ಅವುಗಳ ಜೋಡಿ 19 ಮತ್ತು 20. ಡಬ್ಬಿಯೊಳಗೆ ನೀಲಿ ಡ್ರೈವರಿನ ಸಿಗ್ನಲ್ ಪ್ಲಗ್ ಕಿತ್ತು ಹಸಿರಿನ ಸಿಗ್ನಲಿಗೆ ಹಾಕಿ. ಈಗ ಹಸಿರು ಬರೆಸಿದಾಗ ನೀಲಿ ಚೆನ್ನಾಗಿ ಉರಿದರೆ ಡಯೋಡ್, ಡ್ರೈವರ್ ಎರಡೂ ಗಟ್ಟಿ. ಕೇಬಲ್ಲೋ ಸಾಫ್ಟ್‌ವೇರಿನ ಬಣ್ಣದ ಹೊಂದಿಕೆಯೋ ಕೈಕೊಟ್ಟಿದೆ. ಎರಡು ನಿಮಿಷದ ಕೆಲಸ, ಅರ್ಧ ಊಹೆ ಅಲ್ಲಿಗೇ ಕಡಿತ. ಬಣ್ಣ ನಿಧಾನಕ್ಕೆ ಆರುವಾಗ ನೀಲಿ ಮಾತ್ರ ಎಲ್ಲಕ್ಕಿಂತ ಮುಂಚೆ ಫಕ್ಕನೆ ಮಾಯವಾಗುತ್ತಿದ್ದರೆ ಡ್ರೈವರಿನ ಬಯಾಸ್ (ಅದು ಸದಾ ಕೊಡುವ ತಳದ ಕರೆಂಟು) ಹೊಸ್ತಿಲಿಗಿಂತ ಕೆಳಗೆ ಕೂತಿದೆ, ಸ್ವಲ್ಪ ಮೇಲೆತ್ತಿ.

ಅಲ್ಲಿ ಸಿಗಲಿಲ್ಲ ಅಂದರೆ ಡ್ರೈವರ್. ಕೆಂಪು ಡಯೋಡಿಗೆ ಎರಡೂವರೆ ವೋಲ್ಟ್ ಸಾಕು. ನೀಲಿಗೆ ನಾಲ್ಕರಿಂದ ಐದು ವೋಲ್ಟ್ ಬೇಕು. 5 ವೋಲ್ಟಿನ ಸಪ್ಲೈ ಇಟ್ಟುಕೊಂಡು ಕೆಂಪಿಗೆ ಕಟ್ಟಿದ್ದ ಡ್ರೈವರನ್ನೇ ನೀಲಿಗೂ ಕೊಟ್ಟರೆ ಅದಕ್ಕೆ ಉಸಿರಾಡಲು ಜಾಗವೇ ಇರದು. ಮೇಜಿನ ಮೇಲೆ ಸರಿ ಉರಿಯುತ್ತದೆ. ಫ್ಯಾನು, ಗ್ಯಾಲ್ವೋ ಎಲ್ಲ ಸೇರಿ ತೆಳ್ಳಗಿನ ವೈರಿನಲ್ಲಿ ಕಾಲು ವೋಲ್ಟ್ ಕಳೆದರೆ ನೀಲಿ ಅರ್ಧಕ್ಕೆ ಇಳಿಯುತ್ತದೆ. ಅರಸೀಕೆರೆ ಹುಡುಗನ ಮೂಲ ಕಾಯಿಲೆಯೂ ಇದೇ: ನೀಲಿ ಇಳಿಯಿತು ಅಂತ ಅವನು ಡ್ರೈವರಿನ ತಿರುಪು ಏರಿಸುತ್ತಾ ಹೋಗಿದ್ದ, ಒಂದು ದಿನ ದಪ್ಪ ವೈರ್ ಹಾಕಿದ, ವೋಲ್ಟೇಜ್ ಪೂರ್ತಿ ಸಿಕ್ಕಿತು, ಡಯೋಡ್ ಪಟ್ ಅಂತು. ದಪ್ಪ ವೈರ್ ಹಾಕಿದ್ದು ತಪ್ಪೇ ಅಲ್ಲ, ಪಾಪ.

ಅದಕ್ಕೇ ಲೇಸರ್ ಡಯೋಡ್ ಇಟ್ಟುಕೊಂಡು ಡ್ರೈವರ್ ಪರೀಕ್ಷೆ ಮಾಡಬೇಡಿ. 3 ಆಂಪ್ ತಾಳುವ 1ಎನ್5408 ರೆಕ್ಟಿಫೈಯರ್ ಡಯೋಡ್ ನಾಲ್ಕನ್ನು ಸಾಲಾಗಿ ಬೆಸುಗೆ ಹಾಕಿ, ಜೊತೆಗೆ 1 ಓಮಿನ 5 ವ್ಯಾಟ್ ರೆಸಿಸ್ಟರ್ ಸೇರಿಸಿ. 1 ಆಂಪಿನಲ್ಲಿ ಇದರ ಮೇಲೆ ಸುಮಾರು ನಾಲ್ಕೂವರೆ ವೋಲ್ಟ್ ಬೀಳುತ್ತದೆ, ನೀಲಿ ಡಯೋಡಿನ ಪಾತ್ರಕ್ಕೆ ತಕ್ಕ ನಟ. ರೆಸಿಸ್ಟರಿನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಅಷ್ಟೇ ಮಿಲಿಆಂಪ್. ಗ್ಯಾಲ್ವೋ, ಫ್ಯಾನು ಎಲ್ಲ ಚಾಲೂ ಇಟ್ಟು ಅಳೆಯಿರಿ. ತಿರುಪು ಪೂರ್ತಿ ಕೆಳಗಿಳಿಸಿ, ಕರೆಂಟ್ ತೆಗೆದು, ಡ್ರೈವರಿನ ಔಟ್‌ಪುಟ್ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಕೆಪಾಸಿಟರ್ ಖಾಲಿ ಮಾಡಿದ ಮೇಲೇ ಲೇಸರ್ ಡಯೋಡಿನ ಬೆಸುಗೆ. ಉರಿಯುತ್ತಿರುವ ಡ್ರೈವರಿಗೆ ಡಯೋಡ್ ತಗುಲಿಸಿದರೆ ಎರಡನೇ ಸಲ ತಗುಲಿಸುವ ಅವಕಾಶ ಇರುವುದಿಲ್ಲ.

ಡ್ರೈವರ್ ಸರಿ, ಕರೆಂಟ್ ಪೂರ್ತಿ, ಆದರೂ ಹಳದಿ. ಈಗ ಗಾಜು ನೋಡಿ, ಯಂತ್ರ ಆಫ್ ಮಾಡಿ, ಟಾರ್ಚ್ ಹಿಡಿದು. ನಮ್ಮ ಕಡೆ ಮಳೆಗಾಲ ಅಂದರೆ ಜೂನಿನಿಂದ ಸೆಪ್ಟೆಂಬರ್, ಅಟ್ಟದ ಮೇಲಿಟ್ಟ ಚಪ್ಪಲಿಗೂ ಬೂಸ್ಟು ಬರುವ ಕಾಲ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದ ಡಬ್ಬಿಗಳಲ್ಲಿ ಲೆನ್ಸಿನ ಮೇಲೆ ಜೇಡರ ಬಲೆಯಂಥ ಫಂಗಸ್ ನೋಡಿದ್ದೇನೆ. ಅದಕ್ಕಿಂತ ಮೋಸದ್ದು ಅಂಟು. ಲೆನ್ಸ್ ಕೂರಿಸಲು ಬಳಸಿದ ಸೂಪರ್ ಗ್ಲೂ ಆವಿ ಕನ್ನಡಿಗಳ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಸಿಲಿಕೋನ್ ಸೀಲಂಟಿನ ಆವಿಯನ್ನು ನೀಲಿಯ ಗಾಢ ಬೆಳಕು ತಾನು ಹಾಯುವ ಗಾಜಿನ ಮೇಲೆಯೇ ಸುಟ್ಟು ಅಂಟಿಸುತ್ತದೆ. ಕೆಂಪು, ಹಸಿರಿಗಿಂತ ನೀಲಿಗೆ ಈ ಚಾಳಿ ಹೆಚ್ಚು. ಡಬ್ಬಿಗೆ ನೀರು ನುಗ್ಗಬಾರದು ಅಂತ ಸಿಲಿಕೋನ್ ಮೆತ್ತಿ, ಒಣಗುವ ಮುಂಚೆಯೇ ಮುಚ್ಚಳ ಹಾಕಿ ಉರಿಸಿದವರ ಯಂತ್ರದಲ್ಲಿ ನೀಲಿ ತಿಂಗಳಲ್ಲಿ ಮಂಕಾಗುತ್ತದೆ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಲೆನ್ಸ್ ಟಿಶ್ಯೂ ಅದ್ದಿ ಒಂದೇ ದಿಕ್ಕಿಗೆ ಒಂದೇ ಸಲ ಎಳೆಯಿರಿ. ಹೋಗದಿದ್ದರೆ ಉಜ್ಜಬೇಡಿ, ಲೆನ್ಸ್ ಬದಲಿಸಿ.

ಅಳೆಯುವ ಮೀಟರ್ ಇಲ್ಲವೇ? ಆಟಿಕೆಯ ಸಣ್ಣ ಸೋಲಾರ್ ಸೆಲ್ ಮುಂದೆ ನಾಲ್ಕೈದು ಪದರ ಕಾಗದ ಅಡ್ಡ ಇಟ್ಟು, ತಗ್ಗಿಸಿದ ಕಿರಣ ಬಿಟ್ಟು, ಮಲ್ಟಿಮೀಟರನ್ನು ಮಿಲಿಆಂಪಿಗೆ ಹಾಕಿದರೆ ಸಾಕು. ಇದು ನೀಲಿಯನ್ನು ನೀಲಿಗೇ ಹೋಲಿಸಲು ಮಾತ್ರ: ಕನ್ನಡಿಗೆ ಮುಂಚೆ ಎಷ್ಟು, ಕನ್ನಡಿಯ ಆಚೆ ಎಷ್ಟು. ಸಿಲಿಕಾನ್ ಕೆಂಪಿಗೆ ಕೊಡುವಷ್ಟು ಕರೆಂಟನ್ನು ನೀಲಿಗೆ ಕೊಡುವುದಿಲ್ಲ, ಹೆಚ್ಚುಕಮ್ಮಿ ಅರ್ಧ. ಕೆಂಪಿನ ಅಂಕಿಯ ಪಕ್ಕ ನೀಲಿಯ ಅಂಕಿ ಇಟ್ಟು ನೀಲಿ ಸೋತಿದೆ ಅನ್ನಬೇಡಿ. ಲಕ್ಸ್ ಮೀಟರ್ ಆಪಂತೂ ಇದಕ್ಕೆ ಬೇಡವೇ ಬೇಡ, ಫೋನಿನ ಕ್ಯಾಮೆರಾ ಸಾಯುತ್ತದೆ.

ಡಯೋಡ್ ಬದಲಿಸಿದ ಮೇಲೆ ಹುಟ್ಟುವ ದೋಷ

ಅರಸೀಕೆರೆ ಹುಡುಗನಿಗೆ ಕೊನೆಗೆ 465 ಹಾಕಿದೆವು. ಅವನ ಪೆಂಡಾಲಿನಲ್ಲಿ ಕಿರಣಗಳದ್ದೇ ಆಟ, ಗೋಡೆಯ ಚಿತ್ರ ಕಡಿಮೆ. ಹಾಕಿದ ಮೇಲೆ ಲೆಕ್ಕದ ಪ್ರಕಾರ ಕುಣಿಯಬೇಕಿತ್ತು, ಕುಣಿಯಲಿಲ್ಲ. ಡಯೋಡಿನ ಮುಂದೆ ಸೋಲಾರ್ ಸೆಲ್ ತೋರಿಸಿದ್ದು ಪೂರ್ತಿ, ಗ್ಯಾಲ್ವೋ ಹತ್ತಿರ ತೋರಿಸಿದ್ದು ಮೂರರಲ್ಲಿ ಎರಡು ಪಾಲು.

ಮೂರು ಬಣ್ಣ ಒಂದೇ ದಾರಿಗೆ ಕೂಡುವುದು ಡೈಕ್ರೋ ಕನ್ನಡಿಗಳಿಂದ. ನೀಲಿಯನ್ನು ತಿರುಗಿಸಿ ಹಸಿರನ್ನು ಹಾಯಿಸುವ ಕನ್ನಡಿಗೆ ಒಂದು ಅಂಚು ಇರುತ್ತದೆ, ಊರಿನ ಎಲ್ಲೆ ಇದ್ದ ಹಾಗೆ. ಆ ಅಂಚಿನ ಕೆಳಗಿನದೆಲ್ಲ ತಿರುಗುತ್ತದೆ, ಮೇಲಿನದೆಲ್ಲ ಹಾಯುತ್ತದೆ. 445ಕ್ಕೆಂದು ಮಾಡಿದ ಅಗ್ಗದ ಕನ್ನಡಿಯ ಅಂಚು 465ಕ್ಕೆ ತೀರಾ ಹತ್ತಿರ ಇದ್ದರೆ ನೀಲಿಯಲ್ಲಿ ಒಂದು ಪಾಲು ತಿರುಗದೆ ನೇರ ಹಾದು ಡಬ್ಬಿಯ ಗೋಡೆಗೆ ಬಡಿಯುತ್ತದೆ. ಪತ್ತೆ ಹಚ್ಚುವುದಕ್ಕೆ ಮೀಟರೂ ಬೇಡ: ಕನ್ನಡಿಯ ಬೆನ್ನ ಹಿಂದೆ ಕಿತ್ತಳೆ ಸ್ಟಿಕ್ಕರ್ ಹಿಡಿಯಿರಿ. ಅಲ್ಲಿ ಚುಕ್ಕೆ ಬಿದ್ದರೆ ಕಳ್ಳ ಸಿಕ್ಕಿದ.

ಈ ಕನ್ನಡಿಗಳು 45 ಡಿಗ್ರಿಗೆ ಮಾಡಿದ್ದು. ಕಿರಣ ಇನ್ನೂ ಓರೆಯಾಗಿ ಬಿದ್ದರೆ ಅಂಚು ಕೆಳಗಿನ ತರಂಗಾಂತರಕ್ಕೆ ಸರಿಯುತ್ತದೆ, ನೇರವಾಗುತ್ತಾ ಬಂದರೆ ಮೇಲಕ್ಕೆ. ಜೊತೆಗೆ ಲೇಸರ್ ಡಯೋಡಿನ ಬೆಳಕು ಒಂದು ದಿಕ್ಕಿಗೆ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆ ಒಂದೇ ದಿಕ್ಕಿನಲ್ಲಿ ಅಲುಗುತ್ತದೆ. ಕನ್ನಡಿಗೆ ಒಂದು ದಿಕ್ಕಿನ ಬೆಳಕನ್ನು ತಿರುಗಿಸುವ ಹರವು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ನಾವು ಡಯೋಡ್ ಹೌಸಿಂಗನ್ನು 90 ಡಿಗ್ರಿ ತಿರುಗಿಸಿದೆವು. ಸೋರಿಕೆ ಬಹುಪಾಲು ನಿಂತಿತು. ಖರ್ಚು ಸೊನ್ನೆ. ಆದರೆ ಪಟ್ಟಿಯಂಥ ಕಿರಣವೂ ಜೊತೆಗೆ ತಿರುಗಿ ನಿಂತಿತು, ಅದರ ಒಂದು ತುದಿ ಗ್ಯಾಲ್ವೋ ಕನ್ನಡಿಯ ಹೊರಗೆ ಬೀಳತೊಡಗಿತು. ಹೆಚ್ಚು ವ್ಯಾಟಿನ ನೀಲಿ ಡಯೋಡುಗಳ ಕಿರಣ ದುಂಡಗಿರುವುದಿಲ್ಲ, ಒಂದು ಕಡೆಗೆ ಬೇಗ ಹರಡುತ್ತದೆ. ಹರಡುವ ದಿಕ್ಕಿಗೆ ಸಿಲಿಂಡರ್ ಲೆನ್ಸ್ ಜೋಡಿ ಹಾಕಿದ ಮೇಲೆ ತಹಬಂದಿಗೆ ಬಂತು. ಒಂದು ಸಂಜೆಯ ಕೆಲಸ ಅಂದುಕೊಂಡದ್ದು ಮೂರು ಸಂಜೆ ತಿಂದಿತು. ಅವನ ತಾಯಿ ಕಳಿಸಿದ್ದ ಕೋಡುಬಳೆ ಇಲ್ಲದಿದ್ದರೆ ನಾನು ಎರಡನೇ ದಿನವೇ ಕೈಬಿಡುತ್ತಿದ್ದೆ.

ನೀಲಿ ಗೆರೆ ಮಸುಕು

ದೂರದಿಂದ ನೋಡಿದರೆ ನೀಲಿ ಗೆರೆಯ ಸುತ್ತ ಮಂಜು ಕವಿದಂತೆ, ಕೆಂಪು ಹಸಿರು ಮಾತ್ರ ಚೂಪು. ಲೆನ್ಸ್ ತಿರುಗಿಸುವ ಮುಂಚೆ ಗೋಡೆಯ ಹತ್ತಿರ ಹೋಗಿ, ತೋಳಿನಳತೆಯಲ್ಲಿ ನಿಂತು ನೋಡಿ, ಶಕ್ತಿ ತಗ್ಗಿಸಿಯೇ. ಅಲ್ಲಿ ಚೂಪಾಗಿ ಕಂಡರೆ ದೋಷ ನಿಮ್ಮ ಕಣ್ಣಿನದು. ಕಣ್ಣಿನ ಲೆನ್ಸು ನೀಲಿಯನ್ನು ಉಳಿದ ಬಣ್ಣಗಳಿಗಿಂತ ಬೇಗ ಬಗ್ಗಿಸುತ್ತದೆ. ದೂರದ ನೀಲಿಗೆ ನಾವೆಲ್ಲ ಸಮೀಪದೃಷ್ಟಿಯವರೇ. ತರಂಗಾಂತರ ಇಳಿದಷ್ಟೂ ಇದು ಹೆಚ್ಚು; 405ರಲ್ಲಿ ಅಕ್ಷರ ಓದುವುದೇ ಕಷ್ಟ, 465ರಲ್ಲಿ ಅಷ್ಟು ತೊಂದರೆಯಿಲ್ಲ. ಹತ್ತಿರದಲ್ಲೂ ಮಸುಕಾದರೆ ಮಾತ್ರ ಫೋಕಸ್ ಮುಟ್ಟಿ.

ಗುಡ್ಡದ ಮೇಲಿನ ಚಳಿ

ಚಿಕ್ಕಮಗಳೂರಿನ ಒಂದು ತೋಟದ ಹೋಂಸ್ಟೇ. ಡಿಸೆಂಬರ್ ರಾತ್ರಿ, ಅಂಗಳದಲ್ಲಿ ಮದುವೆಯ ಮುನ್ನಾದಿನದ ಕಾರ್ಯಕ್ರಮ. ಸಂಜೆ ನಾಲ್ಕಕ್ಕೆ ಬಿಸಿಲಿನಲ್ಲಿ ಹೊಂದಿಸಿದ ಬಿಳಿ ರಾತ್ರಿ ಹತ್ತಕ್ಕೆ ಕಿತ್ತಳೆಯ ಛಾಯೆಗೆ ತಿರುಗಿತ್ತು. "ನೀಲಿ ಸಾಯ್ತಾ ಇದೆ ಅಣ್ಣಾ" ಅಂತ ಫೋನು. ನೀಲಿ ಒಂದೇ ಹಾಕಿಸಿದೆ, ಸಂಜೆ ಇದ್ದಷ್ಟೇ ಇತ್ತು.

ಏರಿದ್ದು ಕೆಂಪು. ಕೆಂಪು ಡಯೋಡಿಗೆ ಸೆಕೆ ಆಗದು, ಚಳಿ ಬಂದರೆ ಹುರುಪು. ಅದೇ ಕರೆಂಟಿನಲ್ಲಿ ತಣ್ಣಗಾದಷ್ಟೂ ಹೆಚ್ಚು ಬೆಳಕು ಕೊಡುತ್ತದೆ. ಸಾಲದ್ದಕ್ಕೆ ಡಿಗ್ರಿಗೆ 0.2 ನ್ಯಾನೋಮೀಟರಿನಂತೆ ತರಂಗಾಂತರ ಕೆಳಗಿಳಿಯುತ್ತದೆ: 20 ಡಿಗ್ರಿ ತಣ್ಣಗಾದರೆ 638 ಹೋಗಿ 634, ಕಣ್ಣಿಗೆ ಅದು ಇನ್ನೂ ಪ್ರಖರ. ನೀಲಿ ಇದ್ದಲ್ಲೇ ಇತ್ತು, ಪಕ್ಕದವನು ಎತ್ತರವಾದ. ಸಾಫ್ಟ್‌ವೇರಿನಲ್ಲಿ ಕೆಂಪನ್ನು ಇಳಿಸಿ ಅಂದೆ, ಮುಗಿಯಿತು. ಬೇಸಿಗೆಯಲ್ಲಿ ಕಡೂರಿನ ಕಡೆ ಇದು ಉಲ್ಟಾ ಆಗುತ್ತದೆ, ಕೆಂಪು ಸೋತು ಬಿಳಿ ತಿಳಿನೀಲಿಯಾಗುತ್ತದೆ. ಹಾಗಾಗಿ ಬಿಳಿ ಹೊಂದಿಸುವುದು ಕಾರ್ಯಕ್ರಮದ ಜಾಗದಲ್ಲೇ, ಕಾರ್ಯಕ್ರಮದ ಹೊತ್ತಿನಲ್ಲೇ, ಯಂತ್ರ ಇಪ್ಪತ್ತು ನಿಮಿಷ ಉರಿದ ಮೇಲೆ. ಕಾರಿನ ಎ.ಸಿ.ಯಲ್ಲಿ ತಣ್ಣಗಾದ ಡಬ್ಬಿಯನ್ನು ಮಳೆಗಾಲದ ಗಾಳಿಗೆ ಇಳಿಸಿ ತಕ್ಷಣ ಮುಚ್ಚಳ ತೆಗೆದರೆ ಕನ್ನಡಿಗಳ ಮೇಲೆ ಇಬ್ಬನಿ ಕೂರುತ್ತದೆ; ಅರ್ಧ ಗಂಟೆ ಹಾಗೇ ಬಿಡಿ.

ಯಾವುದು ಕೊಳ್ಳಲಿ?

ಗೋಡೆಯ ಮೇಲೆ ಚಿತ್ರ, ಅಕ್ಷರ, ದೇವರ ಮುಖ ಬರೆಸುವವರಿಗೆ 445-450 ಸಾಕು. ಅಗ್ಗ, ಬಿಳಿಗೆ ಕಡಿಮೆ ವ್ಯಾಟ್, ಊದಾ ಬಣ್ಣವೂ ಚೆನ್ನಾಗಿ ಕೂಡುತ್ತದೆ. ಹೊಗೆಯಲ್ಲಿ ಕಿರಣ ಆಡಿಸುವವರಿಗೆ 460-465, ಆದರೆ ಕೊಳ್ಳುವ ಮುಂಚೆ ಡೈಕ್ರೋ ಕನ್ನಡಿಯ ಅಂಚು ವಿಚಾರಿಸಿ, ಕೆಂಪಿನಲ್ಲಿ ಸ್ವಲ್ಪ ಮಿಗತೆ ಇಟ್ಟುಕೊಳ್ಳಿ. 473ರ ಹಳೆಯ ಹರಳಿನ ಲೇಸರ್ ಯಾರಾದರೂ ಮಾರಲು ಬಂದರೆ ಬಣ್ಣಕ್ಕೆ ಮರುಳಾಗಬೇಡಿ. 946ರ ಅವಗೆಂಪನ್ನು ಹರಳಿನಲ್ಲಿ ಅರ್ಧ ತರಂಗಾಂತರಕ್ಕೆ ಇಳಿಸುವ ಯಂತ್ರ ಅದು, ಬಿಸಿ ಬದಲಾದರೆ ಮುನಿಸಿಕೊಳ್ಳುತ್ತದೆ, ವೇಗವಾಗಿ ಆರಿಸಿ ಹಚ್ಚಲು ಬಗ್ಗುವುದಿಲ್ಲ. 488 ಕಣ್ಣಿಗೆ ಬಹಳ ಪ್ರಖರ, ಒಂದು ವ್ಯಾಟಿಗೆ ಕೆಂಪಿನಷ್ಟೇ ಬೆಳಕು. ಆದರೆ ಅದು ಹಸಿರು ಬೆರೆತ ನೀಲಿ. 445ರ ಜೊತೆಗೆ ನಾಲ್ಕನೆಯದಾಗಿ ಇದ್ದರೆ ಸೊಗಸು, 445ರ ಬದಲಿಗೆ ಹಾಕಿದರೆ ಊದಾ ಬಣ್ಣ ಮರೆತುಬಿಡಬೇಕು.

ಈಗೀಗ ನನ್ನ ಕೈ ದಾಟುವ ಪ್ರತಿ ಡಬ್ಬಿಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದು ಕಳಿಸುತ್ತೇನೆ. ಅರಸೀಕೆರೆಯದರ ಮೇಲೆ ಹೀಗಿದೆ: ನೀಲಿ, ಸಿ.ಡಿ. ಅಳತೆ 30.4, ಸಪ್ಲೈ 12 ವೋಲ್ಟ್, ಡಯೋಡ್ 90 ಡಿಗ್ರಿ ತಿರುಗಿಸಿದೆ, ವಾಪಸ್ ತಿರುಗಿಸಬೇಡ.